ಸಮವಸ್ತ್ರ ಕಳಚಿದವರು, ಸದನ ಬಿಟ್ಟವರು

ರಾಜ್ಯಸಭೆಗೆ ವಿಸರ್ಜನೆ ಎಂಬುದಿಲ್ಲ. ಸಂವಿಧಾನದ 83ನೇ ವಿಧಿಯ ಪ್ರಕಾರ ಅದರ ಸುಮಾರು ಮೂರನೇ ಒಂದರಷ್ಟು ಸದಸ್ಯರು ಎರಡು ವರ್ಷಕ್ಕೊಮ್ಮೆ ನಿವೃತ್ತರಾಗುತ್ತಾರೆ, ಅಷ್ಟೇ ಮಂದಿ ಹೊಸಬರು ಬರುತ್ತಾರೆ. 1952ರ ಏಪ್ರಿಲ್ 3ರಂದು ಸಭೆ ರಚನೆಯಾದಾಗ ಎಲ್ಲರೂ ಒಟ್ಟಿಗೇ ಬಂದವರು. ಯಾರು ಎರಡು ವರ್ಷಕ್ಕೆ ಹೋಗಬೇಕು, ಯಾರು ನಾಲ್ಕಕ್ಕೆ, ಯಾರು ಆರು ವರ್ಷ ಪೂರ್ತಿ ಇರಬೇಕು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕಾಯಿತು. ಮೊದಲ ತಂಡ 1954ರ ಏಪ್ರಿಲ್‌ನಲ್ಲಿ ಹೊರಬಿತ್ತು. ಅಲ್ಲಿಂದ ಈಚೆಗೆ ಹೋಗುವವರ ದಿನಾಂಕ ಮೊದಲೇ ಗೊತ್ತಿರುತ್ತದೆ. ದಿನಾಂಕ ಗೊತ್ತಿರುವುದರಿಂದಲೇ ಭಾರತದ ಶಾಸನಸಭೆಗಳಲ್ಲಿ ಬೀಳ್ಕೊಡುಗೆ ಎಂಬ ಪದ್ಧತಿ ಮೇಲ್ಮನೆಯಲ್ಲಿ ಬೇರೂರಿತು.

ಪದ್ಧತಿ ಸರಳವಾದದ್ದು. ಅಧಿವೇಶನದ ಕೊನೆಯ ದಿನಗಳಲ್ಲಿ ಒಂದು ಬೆಳಿಗ್ಗೆಯನ್ನು ಇದಕ್ಕೆಂದೇ ಮೀಸಲಿಡುತ್ತಾರೆ. ಸಭಾಪತಿ ನಿವೃತ್ತರಾಗುವವರನ್ನು ಕುರಿತು ಮಾತಾಡುತ್ತಾರೆ. ಪ್ರಧಾನಿ, ವಿರೋಧ ಪಕ್ಷದ ನಾಯಕ, ಪಕ್ಷಗಳ ಮುಖಂಡರು ಒಬ್ಬರಾದ ಮೇಲೊಬ್ಬರು ಎದ್ದು ನಿಲ್ಲುತ್ತಾರೆ. ಆಮೇಲೆ ಹೋಗುವವರ ಸರದಿ. ಹೊರಗೆ ಎಲ್ಲರೂ ಸಾಲಾಗಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. 2022ರ ಮಾರ್ಚ್ 31ರಂದು ಒಟ್ಟು 72 ಸದಸ್ಯರಿಗೆ ಹೀಗೆ ವಿದಾಯ ಹೇಳಲಾಯಿತು. ದೇಶದಲ್ಲಿ ಅತಿ ದೀರ್ಘ ಕಾಲ ರಕ್ಷಣಾ ಸಚಿವರಾಗಿದ್ದ ಎ. ಕೆ. ಆಂಟನಿ, ಬಾಕ್ಸರ್ ಮೇರಿ ಕೋಮ್ ಆ ಪಟ್ಟಿಯಲ್ಲಿದ್ದರು. ತೆಲಂಗಾಣದ ಕ್ಯಾಪ್ಟನ್ ವಿ. ಲಕ್ಷ್ಮೀಕಾಂತ ರಾವ್ ಅವರ ಅವಧಿ ಮುಗಿದದ್ದೂ ಅದೇ ವರ್ಷ. ಆ ಸಂಜೆ ಸಭಾಪತಿಗಳ ನಿವಾಸದಲ್ಲಿ ಸಂಸದರೇ ಹಾಡಿದರು, ಒಬ್ಬರು ಗಿಟಾರ್ ನುಡಿಸಿದರು. ಹಗಲಿಡೀ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದವರೇ ಇವರು.

ಆ ಕೂಟದ ಆತಿಥೇಯರು ಮುಪ್ಪವರಪು ವೆಂಕಯ್ಯ ನಾಯ್ಡು. ಐದು ತಿಂಗಳೊಳಗೆ ಅವರಿಗೇ ಬೀಳ್ಕೊಡುಗೆ ಆಯಿತು. ಅವರ ಸಾರ್ವಜನಿಕ ಬದುಕು ಮೊಳೆತದ್ದು ಆಂಧ್ರದ ಎರಡು ನಗರಗಳಲ್ಲಿ. 1949ರ ಜುಲೈ 1ರಂದು ನೆಲ್ಲೂರು ಜಿಲ್ಲೆಯ ಚವಟಪಾಲೆಂನಲ್ಲಿ ಹುಟ್ಟಿದ ಅವರು ಕಾನೂನು ಓದಿದ್ದು ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ. 1973-74ರಲ್ಲಿ ಅಲ್ಲಿನ ಕಾಲೇಜುಗಳ ವಿದ್ಯಾರ್ಥಿ ಸಂಘದ ಅಧ್ಯಕ್ಷರಾದರು. ಅದಕ್ಕೆ ಮೊದಲು, 1972ರ ಜೈ ಆಂಧ್ರ ಚಳವಳಿಯಲ್ಲಿ, ನೆಲ್ಲೂರಿನಲ್ಲಿ ಅವರ ದನಿ ಕೇಳಿಸಿತ್ತು. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡರು. 1978 ಮತ್ತು 1983ರಲ್ಲಿ ಉದಯಗಿರಿಯಿಂದ ಶಾಸಕರಾದರು.

ದೆಹಲಿಯ ಮೇಲ್ಮನೆಗೆ ಅವರನ್ನು ಕಳಿಸಿದ್ದು ಮಾತ್ರ ಆಂಧ್ರವಲ್ಲ, ಕರ್ನಾಟಕ. 1998, 2004, 2010, ಹೀಗೆ ಮೂರು ಬಾರಿ. ಒಂದು ರಾಜ್ಯದಿಂದ ರಾಜ್ಯಸಭೆಗೆ ಹೋಗಬೇಕಾದರೆ ಆ ರಾಜ್ಯದ ಮತದಾರರಾಗಿರಬೇಕು ಎಂಬ ನಿಯಮವನ್ನು ಸಂಸತ್ತು 2003ರಲ್ಲಿ ತೆಗೆದುಹಾಕಿತು. ಪತ್ರಕರ್ತ ಕುಲದೀಪ್ ನಯ್ಯರ್ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು, 2006ರಲ್ಲಿ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಕಾನೂನು ಒಪ್ಪಿದ್ದನ್ನು ಜನ ಒಪ್ಪಲೇಬೇಕೆಂದಿಲ್ಲ. 2016ರಲ್ಲಿ ನಾಲ್ಕನೆಯ ಬಾರಿಗೂ ಅವರ ಹೆಸರು ಓಡಾಡಿದಾಗ ‘ವೆಂಕಯ್ಯ ಸಾಕಯ್ಯ’ ಎಂಬ ಘೋಷಣೆ ಕನ್ನಡಿಗರ ಮೊಬೈಲುಗಳಲ್ಲಿ ಹಬ್ಬಿತು. ಪಕ್ಷ ಅವರನ್ನು ರಾಜಸ್ಥಾನದಿಂದ ಕಳಿಸಿತು. ಕರ್ನಾಟಕದ ಸ್ಥಾನಕ್ಕೆ ಬಂದವರು ನಿರ್ಮಲಾ ಸೀತಾರಾಮನ್. ಅವರು ಅದಕ್ಕೂ ಮೊದಲು ಆಂಧ್ರಪ್ರದೇಶದಿಂದ ಆರಿಸಿಬಂದಿದ್ದವರು, ಮುಂದಿನ ವರ್ಷ ರಕ್ಷಣಾ ಸಚಿವರೂ ಆದರು. ಕರ್ನಾಟಕ ವೆಂಕಯ್ಯನವರನ್ನು ಬೀಳ್ಕೊಟ್ಟ ಬಗೆಗೂ ಸದನ ಬೀಳ್ಕೊಟ್ಟ ಬಗೆಗೂ ಇರುವ ಅಂತರ ಇಷ್ಟು.

2017ರ ಆಗಸ್ಟ್ 11ರಂದು ಉಪರಾಷ್ಟ್ರಪತಿಯಾದ ಅವರು ಆ ಹುದ್ದೆಯ ಬಲದಿಂದ ಸಭಾಪತಿಯಾದರು. ಸಚಿವರು ಕಾಗದಪತ್ರ ಮಂಡಿಸುವಾಗ ‘ಬೇಡಿಕೊಳ್ಳುತ್ತೇನೆ’ ಎಂಬರ್ಥದ ಇಂಗ್ಲಿಷ್ ಮಾತು ಬಳಸುವುದು ಬೇಡ, ಅದು ಬ್ರಿಟಿಷರ ಕಾಲದ್ದು ಎಂದು ಆರಂಭದಲ್ಲೇ ಹೇಳಿದರು. 2018ರಿಂದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಮಾತಾಡುವ ಅವಕಾಶ ಬಂತು. ಡೋಗ್ರಿ, ಕಾಶ್ಮೀರಿ, ಕೊಂಕಣಿ, ಸಂತಾಲಿ, ಸಿಂಧಿಗಳಿಗೂ ಅನುವಾದಕರು ಸಿಕ್ಕರು. ಕಹಿಯೂ ಇತ್ತು. 2021ರ ಆಗಸ್ಟ್‌ನಲ್ಲಿ ಸದಸ್ಯರು ಸದನದ ನಡುವಿನ ಮೇಜು ಹತ್ತಿದ ಮರುದಿನ ಪೀಠದಲ್ಲಿ ಕೂತೇ ಅವರು ಗದ್ಗದಿತರಾದರು.

2022ರ ಆಗಸ್ಟ್ 8ರ ಬೀಳ್ಕೊಡುಗೆಯಲ್ಲಿ ಇವೆಲ್ಲ ಮೇಲೆ ಬಂದವು. ಪ್ರಧಾನಿ ಅವರ ಚುರುಕು ಮಾತುಗಾರಿಕೆಯನ್ನು ಹೊಗಳಿದರು. ವಿರೋಧ ಪಕ್ಷದ ನಾಯಕರಾಗಿದ್ದವರು ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ. ತೃಣಮೂಲದ ಡೆರೆಕ್ ಒ’ಬ್ರಯಾನ್ ಸಭಾಪತಿಗಳು ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡದ್ದನ್ನು ನೆನೆದಾಗ ನಾಯ್ಡು ಕಣ್ಣೊರೆಸಿಕೊಂಡರು. ಅದೇ ಒ’ಬ್ರಯಾನ್ ಮುಳ್ಳನ್ನೂ ಚುಚ್ಚಿದರು: 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳು ಅಂಗೀಕಾರವಾಗುವಾಗ ಪೀಠದಲ್ಲಿ ನೀವಿರಲಿಲ್ಲವಲ್ಲ ಎಂದು. ಒಳ್ಳೆಯ ಬೀಳ್ಕೊಡುಗೆ ಅಂದರೆ ಇದೇ ಇರಬೇಕು. ಬರೀ ಹೊಗಳಿಕೆಯಾಗಿದ್ದರೆ ಅದು ಮದುವೆ ಮನೆಯ ಭಾಷಣವಾಗುತ್ತಿತ್ತು.

ಈ ಪದ್ಧತಿಯೊಳಗೆ ಸೈನಿಕ ಬಂದಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅವರಿಗೆ ಇದು ಎರಡನೆಯ ನಿವೃತ್ತಿ, ಮೊದಲನೆಯದರ ಗುರುತು ಹೆಸರಿನ ಹಿಂದೆಯೇ ಇರುತ್ತದೆ. ಬಿರುದುಗಳನ್ನು ರದ್ದುಮಾಡಿದ ಸಂವಿಧಾನದ 18ನೇ ವಿಧಿ ಸೇನೆಯ ಮತ್ತು ವಿದ್ಯೆಯ ಗೌರವಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ರಾಯಬಹದ್ದೂರರು ಹೋದರು, ಸರ್‌ಗಳು ಹೋದರು, ಕ್ಯಾಪ್ಟನ್ ಮತ್ತು ಡಾಕ್ಟರ್ ಉಳಿದರು. ನಿವೃತ್ತ ಅಧಿಕಾರಿ ತಮ್ಮ ದರ್ಜೆಯನ್ನು ಹೆಸರಿನ ಹಿಂದೆ ಬರೆದುಕೊಳ್ಳಬಹುದು, ‘ನಿವೃತ್ತ’ ಎಂಬುದು ಹೆಸರಿನ ಮುಂದೆ ಬರುತ್ತದೆ. ನಿವೃತ್ತವಾಗುವುದು ಅಧಿಕಾರಿ, ದರ್ಜೆಯಲ್ಲ ಎನ್ನುವುದು ಸೇನೆಯವರ ವಿವರಣೆ.

ಸೇವೆಯಲ್ಲಿರುವಾಗ ರಾಜಕೀಯ ಕೂಡದು. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅದರ ಜಾಡಿನಲ್ಲಿ 1950ರ ಸೇನಾ ಕಾಯ್ದೆಯ 21ನೇ ಸೆಕ್ಷನ್ ಸಂಘ ಕಟ್ಟುವುದಕ್ಕೂ ರಾಜಕೀಯ ಸಭೆಗೆ ಹೋಗುವುದಕ್ಕೂ ಕಡಿವಾಣ ಹಾಕಲು ಸರ್ಕಾರಕ್ಕೆ ಅವಕಾಶ ಮಾಡಿದೆ. ಲಾಭದಾಯಕ ಹುದ್ದೆಯಲ್ಲಿರುವವರು ಸಂಸದರಾಗುವಂತಿಲ್ಲ ಎಂಬ 102ನೇ ವಿಧಿಯೂ ಇದೆ. ಯೋಧ ಮತ ಹಾಕಬಹುದು, ಸ್ಪರ್ಧಿಸಬೇಕಾದರೆ ಸಮವಸ್ತ್ರ ಬಿಡಬೇಕು. ಒಂದು ಕಿಂಡಿಯಿದೆ. ಪ್ರಾದೇಶಿಕ ಸೇನೆ, ಅಂದರೆ ಟೆರಿಟೋರಿಯಲ್ ಆರ್ಮಿಯ ಸದಸ್ಯತ್ವಕ್ಕೆ 1959ರ ಅನರ್ಹತೆ ತಡೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ಒಡಿಶಾದ ಕೆ. ಪಿ. ಸಿಂಗ್ ದೇವ್ ಆ ದಾರಿಯಲ್ಲಿ ಬ್ರಿಗೇಡಿಯರ್‌ವರೆಗೆ ಏರಿದರು. ಸಚಿನ್ ಪೈಲಟ್ ಕೇಂದ್ರ ಸಚಿವರಾಗಿದ್ದಾಗಲೇ 2012ರಲ್ಲಿ ಅಧಿಕಾರಿಯಾಗಿ ಸೇರಿದರು. ಅನುರಾಗ್ ಠಾಕೂರ್ 2016ರಲ್ಲಿ ಸೇರಿದರು.

ಸೇನೆಯ ಬೀಳ್ಕೊಡುಗೆ ಹೇಗಿರುತ್ತದೆಂದು ನೋಡಲು ವಿಶಾಖಪಟ್ಟಣಕ್ಕಿಂತ ಒಳ್ಳೆಯ ಊರಿಲ್ಲ. ಪೂರ್ವ ನೌಕಾ ಕಮಾಂಡಿನ ಕೇಂದ್ರ ಅದು. 1971ರ ಡಿಸೆಂಬರ್ 3-4ರ ರಾತ್ರಿ ಪಾಕಿಸ್ತಾನದ ಘಾಜಿ ಸಬ್‌ಮರೀನ್ ಮುಳುಗಿದ್ದು ಅದರ ಬಂದರಿನ ಬಾಗಿಲಲ್ಲೇ. ಆ ಯುದ್ಧದ ನೆನಪಿಗೆ ಬೀಚ್ ರಸ್ತೆಯಲ್ಲಿ ವಿಜಯ ಸ್ಮಾರಕವಿದೆ. ಹತ್ತಿರದಲ್ಲೇ ಕುರ್ಸುರಾ ಸಬ್‌ಮರೀನ್ ಮರಳಿನ ಮೇಲೆ ನಿಂತಿದೆ. 1969ರ ಡಿಸೆಂಬರ್‌ನಲ್ಲಿ ಸೇವೆಗೆ ಸೇರಿ 2001ರ ಫೆಬ್ರವರಿಯಲ್ಲಿ ನಿವೃತ್ತವಾದ ಅದು ಮರುವರ್ಷ ವಸ್ತುಸಂಗ್ರಹಾಲಯವಾಯಿತು. ಶಾಲಾ ಮಕ್ಕಳು ತಲೆ ಬಗ್ಗಿಸಿಕೊಂಡು ಒಂದು ಕಂಪಾರ್ಟ್‌ಮೆಂಟಿನಿಂದ ಇನ್ನೊಂದಕ್ಕೆ ನುಸುಳುತ್ತಾರೆ. ರಸ್ತೆಯ ಆಚೆ ಬದಿಗೆ ಟಿಯು-142 ವಿಮಾನ. ಅದೂ 2017ರಲ್ಲಿ ಸೇವೆ ಮುಗಿಸಿ ಬಂದದ್ದು.

ಹಡಗಿನ ನಿವೃತ್ತಿಗೆ ಕ್ರಮವಿದೆ. 2021ರ ಮೇ 21ರಂದು ವಿಶಾಖಪಟ್ಟಣದ ನೌಕಾ ಡಾಕ್‌ಯಾರ್ಡಿನಲ್ಲಿ ಐಎನ್ಎಸ್ ರಜಪೂತ್ ವಿದಾಯ ಪಡೆಯಿತು. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿ 1980ರ ಮೇ 4ರಂದು ಜಾರ್ಜಿಯಾದ ಪೋಟಿಯಲ್ಲಿ ಸೇವೆಗೆ ಸೇರಿಸಿಕೊಂಡ, ಅದೇ ಹೆಸರಿನ ವರ್ಗದ ಮೊದಲ ವಿಧ್ವಂಸಕ ನೌಕೆ. 41 ವರ್ಷ ದುಡಿದದ್ದು. ಇಂಥ ಹಡಗಿನ ಕೊನೆಯ ದಿನ ಮೇಲಿನ ಕಂಬದಿಂದ ಉದ್ದನೆಯ, ಹಡಗಿನಷ್ಟೇ ಉದ್ದ ಎನ್ನಬಹುದಾದ, ವಿದಾಯದ ಪತಾಕೆ ಇಳಿಬಿಡುತ್ತಾರೆ. ಸೂರ್ಯಾಸ್ತದ ಹೊತ್ತಿಗೆ ನೌಕಾಧ್ವಜವನ್ನೂ ಆ ಪತಾಕೆಯನ್ನೂ ಕೊನೆಯ ಬಾರಿಗೆ ಇಳಿಸುತ್ತಾರೆ. ಕೋವಿಡ್ ಕಾರಣ ರಜಪೂತ್‌ಗೆ ಜನ ಸೇರಿಸಲಿಲ್ಲ, ಆದರೂ ಕ್ರಮ ತಪ್ಪಲಿಲ್ಲ. ಮನುಷ್ಯರಿಗೂ ಹೀಗೆಯೇ. ಘಟಕದ ಮುಖ್ಯಸ್ಥ ಹೋಗುವ ದಿನ ವಾಹನಕ್ಕೆ ಹಗ್ಗ ಕಟ್ಟಿ, ಅವರ ಕೈಕೆಳಗಿದ್ದ ಅಧಿಕಾರಿಗಳೇ ಗೇಟಿನವರೆಗೆ ಎಳೆದು ಕೊಂಡೊಯ್ಯುವುದು ಭೂಸೇನೆಯಲ್ಲೂ ನೌಕಾಪಡೆಯಲ್ಲೂ ವಾಡಿಕೆ. ಹೋಗುವವರ ಬಗ್ಗೆ ಮನಸ್ಸಿನಲ್ಲಿ ಏನೇ ಇರಲಿ, ಹಗ್ಗ ಹಿಡಿಯಬೇಕು.

ಸೇನೆಯ ಗೌರವ ಹೀಗೆ ನಿಯಮದಿಂದ ಬರುತ್ತದೆ. ಶಾಸಕರ ಗೌರವ ಸಂದರ್ಭದಿಂದ. ಎರಡೂ ಕಡೆ ದುಡಿದವರ ಬದುಕಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಲೆಫ್ಟಿನೆಂಟ್ ಜನರಲ್ ಜಗಜಿತ್ ಸಿಂಗ್ ಅರೋರಾ 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಪಡೆಗಳ ಶರಣಾಗತಿ ಪತ್ರ ಸ್ವೀಕರಿಸಿದವರು. ಆ ಫೋಟೊ ನೋಡದ ಭಾರತೀಯರು ಕಡಿಮೆ. ಅದೇ ಅರೋರಾ 1986ರಿಂದ 1992ರವರೆಗೆ ಅಕಾಲಿ ದಳದಿಂದ ರಾಜ್ಯಸಭೆಯಲ್ಲಿದ್ದರೆಂಬುದು ಎಷ್ಟು ಜನರಿಗೆ ಗೊತ್ತು? 1984ರ ಸಿಖ್ ಹತ್ಯಾಕಾಂಡದ ನಂತರ ಬಲಿಯಾದವರ ಪರವಾಗಿ ದನಿಯೆತ್ತಿದ್ದು ಅವರನ್ನು ಸದನಕ್ಕೆ ತಂದಿತು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಶಂಕರ್ ರಾಯ್‌ಚೌಧುರಿ ಪಶ್ಚಿಮ ಬಂಗಾಳದಿಂದ ರಾಜ್ಯಸಭೆಗೆ ಹೋದರು. ಹರಿಯಾಣದ ಲೆಫ್ಟಿನೆಂಟ್ ಜನರಲ್ ಡಿ. ಪಿ. ವತ್ಸ್ 2018ರಿಂದ 2024ರವರೆಗೆ ಇದ್ದರು. ಮೇಲ್ಮನೆಯಲ್ಲಿದ್ದವರಾದ್ದರಿಂದ ಇವರೆಲ್ಲರ ನಿರ್ಗಮನದ ದಿನ ಗೊತ್ತಿತ್ತು.

ಜಸವಂತ್ ಸಿಂಗ್ ಅವರದ್ದು ಬೇರೆ ಕತೆ. 1938ರಲ್ಲಿ ಬಾಡಮೇರ್ ಜಿಲ್ಲೆಯ ಜಸೋಲ್‌ನಲ್ಲಿ ಹುಟ್ಟಿ, ಸೆಂಟ್ರಲ್ ಇಂಡಿಯಾ ಹಾರ್ಸ್ ಪಡೆಯಲ್ಲಿ ಅಧಿಕಾರಿಯಾಗಿ, 1960ರ ದಶಕದ ನಡುವಿನಲ್ಲಿ ಸೇನೆ ಬಿಟ್ಟು ರಾಜಕೀಯಕ್ಕೆ ಬಂದರು. 1980ರಲ್ಲಿ ರಾಜ್ಯಸಭೆ ಪ್ರವೇಶಿಸಿದರು. ಮುಂದಿನ ಮೂರು ದಶಕ ಒಂದಲ್ಲ ಒಂದು ಸದನದಲ್ಲಿ ಅವರು ಸಾಮಾನ್ಯವಾಗಿ ಇದ್ದೇ ಇದ್ದರು. ವಿದೇಶಾಂಗ, ರಕ್ಷಣೆ, ಹಣಕಾಸು ಮೂರೂ ಖಾತೆಗಳನ್ನು ನಿಭಾಯಿಸಿದ ಅಪರೂಪದವರು. 2001ರ ಅತ್ಯುತ್ತಮ ಸಂಸದೀಯ ಪಟು ಪ್ರಶಸ್ತಿ ಅವರಿಗೇ ಬಂತು. 2009ರಲ್ಲಿ ಜಿನ್ನಾ ಕುರಿತು ಬರೆದ ಪುಸ್ತಕಕ್ಕಾಗಿ ಪಕ್ಷ ಹೊರಹಾಕಿತು, ಆಮೇಲೆ ಮತ್ತೆ ಸೇರಿಸಿಕೊಂಡಿತು. 2014ರಲ್ಲಿ ಬಾಡಮೇರ್‌ನ ಟಿಕೆಟ್ ಕೊಡಲಿಲ್ಲ. ಹುಟ್ಟೂರಿನ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತರು, ಸೋತರು. ಅದೇ ಆಗಸ್ಟ್‌ನಲ್ಲಿ ಮನೆಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದವರು 2020ರ ಸೆಪ್ಟೆಂಬರ್ 27ರಂದು ತೀರಿಕೊಂಡರು. ಬರೀ ಆರು ವರ್ಷ ಇದ್ದು ಹೋದವರಿಗೂ ಸಿಗುವ ವಿದಾಯದ ಬೆಳಿಗ್ಗೆ ಅವರ ಪಾಲಿಗೆ ಬರಲಿಲ್ಲ. ಕಾರಣ ಸರಳ: ಕೊನೆಗೆ ಅವರಿದ್ದದ್ದು ಲೋಕಸಭೆಯಲ್ಲಿ.

ಲೋಕಸಭೆಯಲ್ಲಿ ಎಲ್ಲರ ಅವಧಿಯೂ ಒಟ್ಟಿಗೇ ಮುಗಿಯುತ್ತದೆ. ಕೊನೆಯ ಅಧಿವೇಶನದ ಕೊನೆಯ ದಿನ ಸ್ಪೀಕರ್ ಇಡೀ ಸದನಕ್ಕೆ ಒಂದೇ ಧನ್ಯವಾದ ಹೇಳುತ್ತಾರೆ. ಯಾರು ವಾಪಸು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ. ಸೋತವರ ವಿದಾಯ ಎಣಿಕೆ ಕೇಂದ್ರದಲ್ಲಿ ಆಗುತ್ತದೆ. ರಾಜೀನಾಮೆ ಕೊಟ್ಟವರಿಗೂ ಅಷ್ಟೇ. ಸಿಖ್ ರೆಜಿಮೆಂಟಿನ ಮಾಜಿ ಕ್ಯಾಪ್ಟನ್ ಅಮರಿಂದರ್ ಸಿಂಗ್ 1965ರಲ್ಲಿ ಸೇನೆ ಬಿಟ್ಟು, ಯುದ್ಧ ಶುರುವಾದಾಗ ಮತ್ತೆ ಸೇರಿದವರು. 1984ರಲ್ಲಿ ಸ್ವರ್ಣಮಂದಿರದೊಳಗೆ ಅದೇ ಸೇನೆ ಕಾಲಿಟ್ಟಾಗ ಪ್ರತಿಭಟಿಸಿ ಕಾಂಗ್ರೆಸ್ಸನ್ನೂ ಲೋಕಸಭಾ ಸ್ಥಾನವನ್ನೂ ಬಿಟ್ಟರು. ಅಂಥ ನಿರ್ಗಮನಕ್ಕೆ ಯಾವ ಸದನದಲ್ಲೂ ಕಲಾಪಪಟ್ಟಿಯಲ್ಲಿ ಜಾಗವಿಲ್ಲ.

ಜನರಲ್ ವಿ. ಕೆ. ಸಿಂಗ್ 2014 ಮತ್ತು 2019ರಲ್ಲಿ ಗಾಜಿಯಾಬಾದಿನಿಂದ ಗೆದ್ದರು, 2024ರಲ್ಲಿ ಕಣದಲ್ಲಿರಲಿಲ್ಲ. 2025ರ ಜನವರಿಯಲ್ಲಿ ಮಿಜೋರಂ ರಾಜ್ಯಪಾಲರಾದರು. ಅವರಿಗೆ ಆ ಜಾಗ ತೆರವು ಮಾಡಿ ಒಡಿಶಾಕ್ಕೆ ಹೋದವರು ವಿಶಾಖಪಟ್ಟಣದ ಮಾಜಿ ಸಂಸದ, ಆಂಧ್ರ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕಂಭಂಪಾಟಿ ಹರಿಬಾಬು. ಪಕ್ಷ ತನ್ನ ಹಿರಿಯರನ್ನು ಗೌರವಿಸುವ ಬಗೆಗಳಲ್ಲಿ ರಾಜಭವನವೂ ಒಂದು. ಢಾಕಾದ ಶರಣಾಗತಿಯಲ್ಲಿ ಅರೋರಾ ಅವರ ಸಹೋದ್ಯೋಗಿಯಾಗಿದ್ದ ಜೆ. ಎಫ್. ಆರ್. ಜೇಕಬ್ ಕೂಡ ಗೋವಾ ಮತ್ತು ಪಂಜಾಬಿನ ರಾಜ್ಯಪಾಲರಾಗಿದ್ದರು.

ನೌಕಾಪಡೆಯ ನಗರವಾದರೂ ವಿಶಾಖಪಟ್ಟಣ ಲೋಕಸಭೆಗೆ ಕಳಿಸಿದ್ದು ಬಹುಪಾಲು ರಾಜಮನೆತನದವರನ್ನು, ಹೋರಾಟಗಾರರನ್ನು, ಉದ್ಯಮಿಗಳನ್ನು. ವಿಜಯನಗರಂ ಮನೆತನದ ಪಿ. ವಿ. ಜಿ. ರಾಜು, ಕ್ರಿಕೆಟ್ ಲೋಕಕ್ಕೆ ‘ವಿಜ್ಜಿ’ ಎಂದೇ ಗೊತ್ತಿದ್ದ ಮಹಾರಾಜಕುಮಾರ, ಸ್ವಾತಂತ್ರ್ಯ ಹೋರಾಟಗಾರ ತೆನ್ನೇಟಿ ವಿಶ್ವನಾಥಂ ಅಂಥವರು. ಗೋದಾವರಿ ತೀರದ ರಾಜಮಂಡ್ರಿ ಮಾತ್ರ ಒಬ್ಬ ವಿಶಿಷ್ಟ ವ್ಯಕ್ತಿಯನ್ನು ಕಳಿಸಿತ್ತು. ಡಾ. ಡಿ. ಎಸ್. ರಾಜು ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನಲ್ಲಿ ವೈದ್ಯರಾಗಿದ್ದವರು. ಆ ಫೌಜಿನವರನ್ನು ಸ್ವತಂತ್ರ ಭಾರತದ ಸೇನೆ ವಾಪಸು ಸೇರಿಸಿಕೊಳ್ಳಲಿಲ್ಲ, ಸಂಸತ್ತಿನ ಬಾಗಿಲು ತೆರೆದಿತ್ತು. ಕೆಂಪುಕೋಟೆಯ ಮೊಕದ್ದಮೆಯ ಆರೋಪಿ ಶಾ ನವಾಜ್ ಖಾನ್ ಮೀರತ್‌ನಿಂದ ಗೆದ್ದು ಕೇಂದ್ರದಲ್ಲಿ ಮಂತ್ರಿಯಾದರು.

ಕರ್ನಾಟಕದಲ್ಲಿ ಸೇನೆಯೆಂದರೆ ಕೊಡಗು. ಆದರೆ ಕೊಡಗಿನ ಅತಿ ದೊಡ್ಡ ಹೆಸರು ಸದನ ತಲುಪಲಿಲ್ಲ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕೆ. ಎಂ. ಕಾರ್ಯಪ್ಪ 1953ರಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯ-ನ್ಯೂಜಿಲೆಂಡಿನಲ್ಲಿ ಹೈಕಮಿಷನರ್ ಆಗಿದ್ದು ಬಂದು, 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿದರು. ಮತದಾರರು ಒಪ್ಪಲಿಲ್ಲ. ಸೇನೆ ಮರೆಯಲಿಲ್ಲ, 1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂತು. ನಿವೃತ್ತಿಯಾಗಿ 33 ವರ್ಷಗಳ ಮೇಲೆ! ಮತಪೆಟ್ಟಿಗೆಗೆ ಅಂಥ ನೆನಪಿನ ಶಕ್ತಿಯಿಲ್ಲ. ಜನರಲ್ ತಿಮ್ಮಯ್ಯ ರಾಜಕೀಯದ ಕಡೆ ಹೋಗಲೇ ಇಲ್ಲ. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿದೆ.

ಸದನ ತಲುಪಿದವರು ಕರಾವಳಿಯವರು. ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದ ಗಣೇಶ್ ಕಾರ್ಣಿಕ್ ನೈಋತ್ಯ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿನಲ್ಲಿದ್ದು 2018ರ ಚುನಾವಣೆಯಲ್ಲಿ ಸೋತರು. ಗೂರ್ಖಾ ರೈಫಲ್ಸ್‌ನಲ್ಲಿದ್ದ ಕ್ಯಾಪ್ಟನ್ ಬ್ರಿಜೇಶ್ ಚೌಟ 2024ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಬಂದರು. ಇಂಥ ಕ್ಯಾಪ್ಟನ್‌ಗಳಲ್ಲಿ ಹಲವರು ಶಾರ್ಟ್ ಸರ್ವಿಸ್ ಕಮಿಷನ್ನಿನವರು, ಅಂದರೆ ಕೆಲವೇ ವರ್ಷ ಸೇವೆ ಸಲ್ಲಿಸಿ ಹೊರಬಂದವರು. ಇಲ್ಲೊಂದು ಸೋಜಿಗವಿದೆ. ಸೇನೆಯ ಪಿಂಚಣಿಗೆ ಜವಾನನಿಗೆ 15 ವರ್ಷ, ಅಧಿಕಾರಿಗೆ 20 ವರ್ಷ ಸೇವೆ ಬೇಕು. ಶಾರ್ಟ್ ಸರ್ವಿಸ್‌ನವರಿಗೆ ಗ್ರಾಚ್ಯುಟಿ ಸಿಗುತ್ತದೆ, ಪಿಂಚಣಿಯಿಲ್ಲ. ಸಂಸದರ ಪಿಂಚಣಿಗೆ ಕನಿಷ್ಠ ಅವಧಿಯೆಂಬುದೇ ಇಲ್ಲ. 2023ರ ಏಪ್ರಿಲ್‌ನಿಂದ ಅದು ತಿಂಗಳಿಗೆ 31,000 ರೂಪಾಯಿ, ಐದು ವರ್ಷ ಮೀರಿದ ಪ್ರತಿ ವರ್ಷಕ್ಕೆ 2,500 ಹೆಚ್ಚು. ಗಡಿಯಲ್ಲಿ ಕಳೆದ ವರ್ಷಗಳಿಗೆ ಸಿಗದ್ದು ಸದನದಲ್ಲಿ ಕೂತದ್ದಕ್ಕೆ ಸಿಗುತ್ತದೆ. ಮಾಜಿ ಸಂಸದರಿಗೆ ರೈಲಿನ ಪಾಸೂ ಉಂಟು.

ಸದನದಲ್ಲಿ ಸೇನೆಯ ರೀತಿ ಇಣುಕಿದ ಗಳಿಗೆಯೊಂದು 2021ರ ಫೆಬ್ರವರಿ 9ರದ್ದು. ಗುಲಾಂ ನಬಿ ಆಜಾದರ ಬೀಳ್ಕೊಡುಗೆಯಲ್ಲಿ ಪ್ರಧಾನಿ, ಕಾಶ್ಮೀರದಲ್ಲಿ ಗುಜರಾತಿನ ಪ್ರವಾಸಿಗರ ಮೇಲೆ ಉಗ್ರರು ದಾಳಿ ಮಾಡಿದಾಗ ಅಲ್ಲಿನ ಮುಖ್ಯಮಂತ್ರಿಯಾಗಿದ್ದ ಆಜಾದರು ನಡೆದುಕೊಂಡ ರೀತಿಯನ್ನು ನೆನೆದು ಕಣ್ಣೀರಿಟ್ಟರು, ಕೈಯೆತ್ತಿ ಸೆಲ್ಯೂಟ್ ಹೊಡೆದರು. ಕೊಟ್ಟವರೂ ಪಡೆದವರೂ ಸೇನೆಯಲ್ಲಿದ್ದವರಲ್ಲ. ಮರುವರ್ಷ ಆಜಾದ್ ಕಾಂಗ್ರೆಸ್ ಬಿಟ್ಟಾಗ ಆ ಸೆಲ್ಯೂಟಿಗೆ ಜನ ಬೇರೆ ಬೇರೆ ಅರ್ಥ ಹಚ್ಚಿದರು. ಭಾಷಣದಿಂದ ಬರುವ ಗೌರವಕ್ಕೆ ಈ ತೊಡಕು ಇದ್ದದ್ದೇ.

ಪೀಠದಲ್ಲಿ ಕೂತವರಿಗೂ ವಿದಾಯ ಖಾತ್ರಿಯಲ್ಲ. ವೆಂಕಯ್ಯ ನಾಯ್ಡು ನಂತರ ಬಂದ ಜಗದೀಪ್ ಧನಕರ್ ಚಿತ್ತೋಡಗಢದ ಸೈನಿಕ ಶಾಲೆಯ ಹಳೆಯ ವಿದ್ಯಾರ್ಥಿ. 2025ರ ಜುಲೈ 21ರ ರಾತ್ರಿ ಆರೋಗ್ಯದ ಕಾರಣ ಹೇಳಿ ರಾಜೀನಾಮೆ ಕೊಟ್ಟರು. ಮುಂಗಾರು ಅಧಿವೇಶನ ಅಂದೇ ಶುರುವಾಗಿತ್ತು. ಸದನದಲ್ಲಿ ಬೀಳ್ಕೊಡುಗೆ ನಡೆಯಲಿಲ್ಲ. ಡಿಸೆಂಬರ್‌ನಲ್ಲಿ ಹೊಸ ಸಭಾಪತಿ ಸಿ. ಪಿ. ರಾಧಾಕೃಷ್ಣನ್ ಅವರನ್ನು ಸ್ವಾಗತಿಸುವ ಹೊತ್ತಿನಲ್ಲಿ ಖರ್ಗೆ ಇದನ್ನೇ ಎತ್ತಿದರು. ಆಡಳಿತ ಪಕ್ಷದವರು ಆಕ್ಷೇಪಿಸಿದರು. ನಾಯ್ಡು ಅವರಿಗೆ ಸಿಕ್ಕಿದ್ದು ಅವರ ನಂತರದವರಿಗೆ ಏಕೆ ಸಿಗಲಿಲ್ಲ ಎಂಬುದಕ್ಕೆ ನಿಯಮಪುಸ್ತಕದಲ್ಲಿ ಉತ್ತರವಿಲ್ಲ. ಬೀಳ್ಕೊಡುಗೆ ನಡೆಯುವುದು ರೂಢಿಯಿಂದ. ರೂಢಿಯನ್ನು ನಡೆಸಿಕೊಂಡು ಹೋಗಬಹುದು, ಬಿಡಲೂಬಹುದು.

ಭಾಷಣಕ್ಕಿಂತ ಹೆಚ್ಚು ಬಾಳುವುದು ಹೆಸರಿಡುವ ಪದ್ಧತಿ. ವಿಶಾಖಪಟ್ಟಣದ ಕಡಲಂಚಿನ ತೆನ್ನೇಟಿ ಪಾರ್ಕಿಗೆ ಸಂಜೆ ಹೊತ್ತು ಹೋಗುವವರಲ್ಲಿ ಎಲ್ಲರಿಗೂ ಅದು 1967ರ ಸಂಸದರೊಬ್ಬರ ಹೆಸರೆಂದು ತಿಳಿದಿರಲಾರದು, ಆದರೂ ಹೆಸರು ನಾಲಗೆಯ ಮೇಲಿದೆ. 1962ರಿಂದ ಮೂರು ಬಾರಿ ವಿಜಯವಾಡದಿಂದ ಗೆದ್ದ ಎಂಜಿನಿಯರ್ ಕೆ. ಎಲ್. ರಾವ್ ನೀರಾವರಿ ಮತ್ತು ವಿದ್ಯುತ್ ಸಚಿವರಾಗಿ ದೇಶದ ಅಣೆಕಟ್ಟುಗಳನ್ನು ರೂಪಿಸಿದರು. ವಿಜಯವಾಡಕ್ಕೆ ಮೇಲುಗಡೆ ಕೃಷ್ಣೆಗೆ ಕಟ್ಟಿದ ಪುಲಿಚಿಂತಲ ಜಲಾಶಯಕ್ಕೆ ಈಗ ಅವರ ಹೆಸರು. ನಾಯ್ಡು ಅವರಿಗೆ 2024ರಲ್ಲಿ ಪದ್ಮವಿಭೂಷಣ ಬಂತು. ವಿಜಯವಾಡದ ಬಳಿಯ ಆತ್ಕೂರಿನಲ್ಲಿ ಅವರು ಸ್ಥಾಪಿಸಿದ ಸ್ವರ್ಣಭಾರತ್ ಟ್ರಸ್ಟಿನ ಕೇಂದ್ರ ನಡೆಯುತ್ತಿದೆ.

ರಾಜ್ಯಗಳ ಮೇಲ್ಮನೆಗಳಲ್ಲೂ ಎರಡು ವರ್ಷಕ್ಕೊಮ್ಮೆ ನಿವೃತ್ತಿಯ ಕ್ರಮವೇ ಇದೆ. ಕರ್ನಾಟಕದ ಪರಿಷತ್ತಿನಲ್ಲಿ 75 ಮಂದಿ, ವಿಜಯವಾಡಕ್ಕೆ ಹತ್ತಿರದ ವೆಲಗಪುಡಿಯಲ್ಲಿ ಸೇರುವ ಆಂಧ್ರ ಪರಿಷತ್ತಿನಲ್ಲಿ 58. ಕರ್ನಾಟಕದ್ದಕ್ಕೆ ಮೈಸೂರು ಸಂಸ್ಥಾನದ 1907ರ ಬೇರು ಇದೆ. ಆಂಧ್ರದ್ದು 1958ರಲ್ಲಿ ಹುಟ್ಟಿ, ಎನ್. ಟಿ. ರಾಮರಾವ್ ಕಾಲದಲ್ಲಿ 1985ರಲ್ಲಿ ರದ್ದಾಯಿತು. ಅವಧಿ ಬಾಕಿಯಿದ್ದವರು, ಮುಗಿಯುತ್ತ ಬಂದವರು ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ದಿನ ಮಾಜಿಗಳಾದರು. ಪರಿಷತ್ತು ಮತ್ತೆ ಬಂದದ್ದು 2007ರಲ್ಲಿ. 2020ರ ಜನವರಿಯಲ್ಲಿ ಅದನ್ನು ರದ್ದು ಮಾಡಲು ವಿಧಾನಸಭೆ ಇನ್ನೊಮ್ಮೆ ನಿರ್ಣಯ ಮಾಡಿತು, 2021ರ ನವೆಂಬರ್‌ನಲ್ಲಿ ಆ ನಿರ್ಣಯವನ್ನು ಹಿಂತೆಗೆದುಕೊಂಡಿತು.